ಹೊಗೆ ಹೆಚ್ಚಿದ್ದರೆ ಏಟೂ ಜೋರಾ? ಹಳೇ ರೈಫಲ್, ದಪ್ಪ ಕಾಳಿನ ಕರಿಮದ್ದು ಮತ್ತು ಒಂದು ಅಪಾಯಕಾರಿ ಫಾರ್ವರ್ಡ್

ಈ ವಿಡಿಯೊ ನಿಮಗೂ ಬಂದಿರಬಹುದು. ಉದ್ದ ನಳಿಗೆಯ, ಹಳೇ ಕಾಲದ್ದರಂತೆ ಕಾಣುವ ರೈಫಲ್. ಒಬ್ಬರು ಬೆರಳು ಗಾತ್ರದ ಹಿತ್ತಾಳೆಯ ಕಾಡತೂಸನ್ನು ಹಿಂದಿನಿಂದ ತೂರಿಸಿ ಕುದುರೆ ಎಳೆಯುತ್ತಾರೆ. ಢಮ್ ಎಂಬ ಸದ್ದಿನ ಜೊತೆಗೆ ಬಿಳಿ ಹೊಗೆಯ ಮೋಡವೇ ಎದ್ದು ಗುಂಡು ಹೊಡೆದವರೇ ಕಾಣದಂತಾಗುತ್ತದೆ. ಕೆಳಗೆ ಮೂರು ಸಾಲಿನ ಸಂದೇಶ: ಹಿರಿಯರ ಕರಿಮದ್ದಿನ ಮುಂದೆ ಇಂದಿನ ಬಂದೂಕು ಏನೂ ಅಲ್ಲ, ಹೊಗೆ ನೋಡಿದರೇ ಗೊತ್ತಾಗುತ್ತದೆ. ಮದ್ದಿನ ಕಾಳು ದಪ್ಪ ಇದ್ದಷ್ಟೂ ಏಟು ಜೋರು. ಪಟಾಕಿಯೊಳಗೆ ಇರುವುದೂ ಇದೇ ಮದ್ದು.

ಮೊದಲ ಎರಡು ಮಾತು ತಪ್ಪು. ಮೂರನೆಯದು ತಪ್ಪಷ್ಟೇ ಅಲ್ಲ, ಕೈ ಕಣ್ಣು ಕಳೆಯುವಂಥದ್ದು.

ಪುರ್ತಗೇರಿಯ ನಮ್ಮ ಬಳಗದ ವಾಟ್ಸ್‌ಆ್ಯಪ್ ಗುಂಪಿಗೂ ಇದು ಬಂತು. ಗಜೇಂದ್ರಗಡದ ಕೋಟೆ ಪಕ್ಕದಲ್ಲೇ ಇರುವುದರಿಂದ ನಮ್ಮ ಕಡೆ ತೋಪು, ಮದ್ದು ಅಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಎಲ್ಲರೂ ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾದರು. ಕಾಕಾ ಒಬ್ಬರು ಮಾತ್ರ ನನಗೆ ಫೋನ್ ಮಾಡಿದರು. "ತಮ್ಮಾ, ಇದು ಖರೇ ಏನ? ಅಟ್ಟದ ಮ್ಯಾಲೆ ಅಜ್ಜನ ಬಂದೂಕ ಐತಿ. ಪಟಾಕಿ ಮದ್ದು ತುಂಬಿದ್ರ ನಡೀತೈತೇನ? ಗೋವಿನಜೋಳಕ್ಕ ಹಂದಿ ಕಾಟ ಭಾಳ ಆಗೇತಿ."

ಈ ಲೇಖನ ಆ ಪ್ರಶ್ನೆಗೆ ಉತ್ತರ. ಫೋನಿನಲ್ಲಿ ಕೊಟ್ಟ ಉತ್ತರ ಒಂದೇ ಶಬ್ದದ್ದು: ಬ್ಯಾಡ.

ಕರಿಮದ್ದು ಅಂದರೆ ಏನು?

ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರರ ಮಿಶ್ರಣ. ಇದ್ದಿಲು ಉರಿಯುವ ಸರಕು. ಗಂಧಕ ಬೇಗ ಹೊತ್ತಿಕೊಳ್ಳಲು ನೆರವಾಗುತ್ತದೆ. ಪೆಟ್ಲುಪ್ಪಿನ ಕೆಲಸ ಆಮ್ಲಜನಕ ಒದಗಿಸುವುದು. ಒಲೆಯ ಬೆಂಕಿಗೆ ಹೊರಗಿನ ಗಾಳಿ ಬೇಕು, ಕರಿಮದ್ದಿಗೆ ಬೇಡ. ಅದಕ್ಕೆ ಬೇಕಾದ ಆಮ್ಲಜನಕ ಅದರೊಳಗೇ ಇದೆ. ಹಾಗಾಗಿ ಮುಚ್ಚಿದ ನಳಿಗೆಯೊಳಗೂ ಅದು ಉರಿಯುತ್ತದೆ, ಉರಿದು ಅನಿಲವಾಗಿ ಹಿಗ್ಗುತ್ತದೆ, ಎದುರಿಗಿರುವ ಗುಂಡನ್ನು ಹೊರಗೆ ತಳ್ಳುತ್ತದೆ.

ಪೆಟ್ಲು ಅಂದರೆ ಮಕ್ಕಳು ಕಾಯಿ ಇಟ್ಟು ಹೊಡೆಯುವ ಬಿದಿರಿನ ಆಟದ ಕೋವಿ. ಪೆಟ್ಲುಪ್ಪು ಎಂಬ ಹೆಸರಿನಲ್ಲೇ ಕೋವಿ ಇದೆ. ಚಿತ್ರದುರ್ಗದ ಕೋಟೆಗೆ ಹೋದವರು ಮದ್ದು ಬೀಸುವ ದೊಡ್ಡ ದೊಡ್ಡ ಕಲ್ಲುಗಳನ್ನು ನೋಡಿರುತ್ತೀರಿ. ಅಷ್ಟು ಭಾರದ ಕಲ್ಲು ಯಾಕೆ ಬೇಕಾಗಿತ್ತು ಅಂದರೆ, ಮೂರೂ ಪದಾರ್ಥ ಬರೀ ಕಲೆತರೆ ಸಾಲದು, ಒಂದರೊಳಗೊಂದು ಅರೆದು ಸೇರಬೇಕು. ಒಣ ಪುಡಿಯಾಗಿಯೇ ಬಿಟ್ಟರೆ ಬಂಡಿಯಲ್ಲಿ ಸಾಗಿಸುವಾಗ ಕುಲುಕಿ ಕುಲುಕಿ ಮೂರೂ ಬೇರೆಬೇರೆಯಾಗುತ್ತಿದ್ದವು. ಅದಕ್ಕೇ ಮುಂದೆ ಮದ್ದನ್ನು ಗಟ್ಟಿ ಮಾಡಿ ಕಾಳು ಕಾಳಾಗಿಸುವ ಪದ್ಧತಿ ಬಂತು. ಒಂದೊಂದು ಕಾಳಿನಲ್ಲೂ ಮೂರು ಪದಾರ್ಥ ಒಂದೇ ಹದದಲ್ಲಿ ಇರುತ್ತವೆ.

ಇನ್ನು ಶಕ್ತಿಯ ಮಾತು. ಒಂದು ಕಿಲೋ ಕರಿಮದ್ದು ಉರಿದರೆ ಹೊರಬರುವ ಶಕ್ತಿ ಸುಮಾರು 3 ಮೆಗಾಜೂಲ್. ಒಂದು ಕಿಲೋ ಸೀಮೆಎಣ್ಣೆಯದು ಸುಮಾರು 43. ಚಿಮಣಿ ದೀಪದ ಎಣ್ಣೆಯಲ್ಲಿ ಕರಿಮದ್ದಿಗಿಂತ ಹದಿನಾಲ್ಕು ಪಟ್ಟು ಶಕ್ತಿ ಇದೆ! ಆದರೆ ಎಣ್ಣೆ ಗಾಳಿಗೆ ಕಾಯುತ್ತ ರಾತ್ರಿಯಿಡೀ ಉರಿಯುತ್ತದೆ. ಮದ್ದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಬಂದೂಕಿನ ವಿಷಯದಲ್ಲಿ ಮುಖ್ಯವಾದದ್ದು ಎಷ್ಟು ಶಕ್ತಿ ಎಂಬುದಕ್ಕಿಂತ ಅದು ಎಷ್ಟು ವೇಗದಲ್ಲಿ ಬಿಡುಗಡೆಯಾಗುತ್ತದೆ ಎಂಬುದು.

ಆ ವೇಗವನ್ನು ಹಿಡಿತದಲ್ಲಿಡುವುದು ಕಾಳಿನ ಗಾತ್ರ.

ಚಿರೋಟಿ ರವೆ, ಬನ್ಸಿ ರವೆ

ಎರಡೂ ಗೋಧಿಯೇ. ಚಿರೋಟಿ ರವೆ ನೀರು ಬಿದ್ದ ಕೂಡಲೇ ನೆನೆಯುತ್ತದೆ, ಬನ್ಸಿ ರವೆಗೆ ಹೊತ್ತು ಬೇಕು. ಸಣ್ಣ ಕಾಳಿಗೆ ತೂಕಕ್ಕೆ ಹೋಲಿಸಿದರೆ ಮೈ ಜಾಸ್ತಿ, ಅಷ್ಟೇ ಕಾರಣ. ಲೆಕ್ಕ ಬೇಕಾದವರಿಗೆ: 2 ಮಿಲಿಮೀಟರ್ ಅಂಚಿನ ಒಂದು ಚೌಕ ತುಣುಕಿನ ಆರು ಮುಖ ಸೇರಿ 24 ಚದರ ಮಿಲಿಮೀಟರ್. ಅದನ್ನೇ 1 ಮಿಲಿಮೀಟರಿನ ಎಂಟು ತುಣುಕು ಮಾಡಿ, ಒಟ್ಟು ಮೈ 48 ಆಗುತ್ತದೆ. ತೂಕ ಅಷ್ಟೇ, ಮೈ ಇಮ್ಮಡಿ.

ಕರಿಮದ್ದು ಮೇಲ್ಮೈಯಿಂದ ಒಳಕ್ಕೆ ಉರಿಯುತ್ತ ಹೋಗುತ್ತದೆ. ಮೈ ಹೆಚ್ಚಿದ್ದರೆ ಒಂದೇ ಸಲಕ್ಕೆ ಹೆಚ್ಚು ಜಾಗದಲ್ಲಿ ಬೆಂಕಿ ಹಿಡಿಯುತ್ತದೆ, ಅನಿಲ ಬೇಗ ಹುಟ್ಟುತ್ತದೆ, ಒತ್ತಡ ತಟ್ಟನೆ ಏರುತ್ತದೆ. ಒಲೆಯಲ್ಲಿ ಹತ್ತಿಕಟಗಿ ಹಾಕಿದಾಗ ಭುಗ್ಗೆಂದು ಏಳುವ ಉರಿಗೂ ಜಾಲಿ ಕೊರಡಿನ ಉರಿಗೂ ಇರುವ ವ್ಯತ್ಯಾಸವೂ ಇದೇ.

ಈಗ ಫಾರ್ವರ್ಡಿನ ಎರಡನೇ ಸಾಲಿಗೆ ಬರೋಣ. ಕಾಳು ದಪ್ಪ ಇದ್ದಷ್ಟೂ ಏಟು ಜೋರು ಎಂಬುದು ಪೂರ್ತಿ ಉಲ್ಟಾ. ಒಂದೇ ರೈಫಲ್, ಒಂದೇ ಗುಂಡು, ಒಂದೇ ತೂಕದ ಮದ್ದು ಇಟ್ಟುಕೊಂಡು ಕಾಳನ್ನು ಮಾತ್ರ ಸಣ್ಣದು ಮಾಡಿದರೆ ಸಾಮಾನ್ಯವಾಗಿ ಗುಂಡಿನ ವೇಗವೂ ಏರುತ್ತದೆ, ನಳಿಗೆಯ ಮೇಲಿನ ಒತ್ತಡವೂ ಏರುತ್ತದೆ. ದಪ್ಪ ಕಾಳು ಹಾಕುವುದು ಏಟು ಜೋರಾಗಲಿ ಅಂತಲ್ಲ, ಒತ್ತಡ ಮೆಲ್ಲಗೆ ಏರಲಿ ಅಂತ.

ಹಾಗೆ ಮೆಲ್ಲಗೆ ಏರಿಸುವ ಅಗತ್ಯ ಬಂದದ್ದು ದೊಡ್ಡ ಬಾಯಿಯ, ಭಾರದ ಗುಂಡಿನ ಬಂದೂಕುಗಳಿಗೆ. ಭಾರದ ಗುಂಡು ಜಾಗ ಬಿಟ್ಟು ಕದಲಲು ಹೊತ್ತು ತೆಗೆದುಕೊಳ್ಳುತ್ತದೆ. ಅದು ಕದಲುವ ಮೊದಲೇ ಮದ್ದೆಲ್ಲ ಉರಿದುಬಿಟ್ಟರೆ ಅನಿಲಕ್ಕೆ ಹಿಗ್ಗಲು ಜಾಗವಿಲ್ಲ, ಏಟು ಬೀಳುವುದು ನಳಿಗೆಗೆ. ಗುಂಡು ಉದ್ದ ನಳಿಗೆಯಲ್ಲಿ ಓಡುತ್ತಿರುವಾಗಲೂ ಮದ್ದು ಸ್ವಲ್ಪ ಸ್ವಲ್ಪವೇ ಉರಿಯುತ್ತ ಹಿಂದಿನಿಂದ ತಳ್ಳುತ್ತಿದ್ದರೆ ನಳಿಗೆಗೂ ಒಳ್ಳೆಯದು, ಗುಂಡಿಗೂ ಒಳ್ಳೆಯದು. ತೋಪುಗಳಿಗೆ ಬೆಣಚುಕಲ್ಲಿನಷ್ಟು ದಪ್ಪದ ಕಾಳು ಮಾಡಿದ್ದೂ 19ನೇ ಶತಮಾನದಲ್ಲಿ ಇದೇ ಲೆಕ್ಕದಿಂದ.

ಇಂದಿಗೂ ಮಾರುಕಟ್ಟೆಯ ಕರಿಮದ್ದಿಗೆ ಎಫ್‌ಜಿ, ಎಫ್‌ಎಫ್‌ಜಿ, ಎಫ್‌ಎಫ್‌ಎಫ್‌ಜಿ ಎಂಬ ದರ್ಜೆಗಳಿವೆ. ಎಫ್ ಹೆಚ್ಚಾದಷ್ಟೂ ಕಾಳು ಸಣ್ಣ. ಒಂದೇ ಎಫ್ ಇರುವ ಮದ್ದಿನ ಕಾಳು ಸರಿಸುಮಾರು 1.2ರಿಂದ 1.7 ಮಿಲಿಮೀಟರ್, ಅಂದರೆ ದಪ್ಪ ರವೆಯಷ್ಟು. ದೊಡ್ಡ ಕಾಡತೂಸಿನ ರೈಫಲ್‌ಗಳಿಗೆ ಇದು, ಇಲ್ಲವೇ ಎರಡು ಎಫ್‌ನದು. ಮೂರು ಎಫ್ ಪಿಸ್ತೂಲು ಮತ್ತು ಸಣ್ಣ ಬಾಯಿಯ ಬಂದೂಕಿಗೆ. ನಾಲ್ಕು ಎಫ್‌ನ ಹಿಟ್ಟಿನಂಥ ಮದ್ದು ಚಕಮಕಿ ಕಲ್ಲಿನ ಬಂದೂಕಿನಲ್ಲಿ ಕಿಡಿ ಹಿಡಿಸಲು ಮಾತ್ರ.

ವಿಡಿಯೊದಲ್ಲಿರುವ ಬಂದೂಕು

ಆ ಬಗೆಯ ರೈಫಲ್‌ಗಳು ಹೆಚ್ಚಾಗಿ 1870ರ ದಶಕದ ಮಾದರಿಗಳ ಇಂದಿನ ನಕಲುಗಳು. ಅಮೆರಿಕದಲ್ಲಿ ಶಾರ್ಪ್ಸ್ ಮಾದರಿಯ ನಕಲು ಹಿಡಿದು ದೂರದ ಗುರಿಗೆ ಹೊಡೆಯುವ ಸ್ಪರ್ಧೆಗಳೇ ನಡೆಯುತ್ತವೆ. ಅಲ್ಲಿ 1873ರಲ್ಲಿ ಸೈನ್ಯಕ್ಕೆ ಬಂದ ಕಾಡತೂಸಿನ ಹೆಸರು .45-70. ಗುಂಡಿನ ಅಗಲ 0.45 ಅಂಗುಲ, ಮದ್ದು 70 ಗ್ರೇನ್.

ಈ ಗ್ರೇನ್ ಎಂಬ ಶಬ್ದವೇ ಅರ್ಧ ಗೊಂದಲಕ್ಕೆ ಕಾರಣ. ಇಲ್ಲಿ ಅದು ಕಾಳಿನ ಎಣಿಕೆಯಲ್ಲ, ಗಾತ್ರವೂ ಅಲ್ಲ, ತೂಕದ ಅಳತೆ. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಬಂಗಾರ ತೂಗುತ್ತಿದ್ದರಲ್ಲ, ಹಾಗೆ. ಒಂದು ಗುಲಗಂಜಿ ತೂಕ ಹೆಚ್ಚುಕಡಿಮೆ ಎರಡು ಗ್ರೇನ್. 70 ಗ್ರೇನ್ ಅಂದರೆ ನಾಲ್ಕೂವರೆ ಗ್ರಾಂ.

ನಮ್ಮ ನೆಲಕ್ಕೆ ಹತ್ತಿರದ್ದು ಬ್ರಿಟಿಷರ ಮಾರ್ಟಿನಿ-ಹೆನ್ರಿ. 1871ರಲ್ಲಿ ಅವರ ಸೈನ್ಯಕ್ಕೆ ಬಂದ ರೈಫಲ್ ಇದು. ಕಾಡತೂಸಿನಲ್ಲಿ 85 ಗ್ರೇನ್ ಕರಿಮದ್ದು, ಅಂದರೆ ಐದೂವರೆ ಗ್ರಾಂ. ಗುಂಡು 480 ಗ್ರೇನ್, ಸುಮಾರು 31 ಗ್ರಾಂ. ಸೆಕೆಂಡಿಗೆ ಸುಮಾರು 400 ಮೀಟರ್ ವೇಗ. ತಮಾಷೆಯೆಂದರೆ ಇದಕ್ಕೆ ಹಾಕುತ್ತಿದ್ದ ಮದ್ದಿನ ಅಧಿಕೃತ ಹೆಸರಿನಲ್ಲಿ 'ಸಣ್ಣ ಕಾಳು' ಎಂದೇ ಇತ್ತು. ತೋಪಿನ ಮದ್ದಿಗೆ ಹೋಲಿಸಿದರೆ ಸಣ್ಣದು, ಪಿಸ್ತೂಲಿನ ಮದ್ದಿಗೆ ಹೋಲಿಸಿದರೆ ದಪ್ಪ.

ಇದನ್ನು ನಮ್ಮ ಪೊಲೀಸರು ದಶಕಗಟ್ಟಲೆ ಹೆಗಲಿಗೇರಿಸಿದ್ದ ತ್ರೀ ನಾಟ್ ತ್ರೀ ಜೊತೆ ಇಟ್ಟು ನೋಡಿ. ಅದರ ಮದ್ದು ಸುಮಾರು 2.4 ಗ್ರಾಂ, ಮಾರ್ಟಿನಿಯ ಅರ್ಧಕ್ಕಿಂತ ಕಡಿಮೆ. ಗುಂಡಿನ ವೇಗ ಸೆಕೆಂಡಿಗೆ ಸುಮಾರು 740 ಮೀಟರ್. ಗುಂಡು ಹಗುರವಾದರೂ ಒಟ್ಟು ಶಕ್ತಿ ಮಾರ್ಟಿನಿಗಿಂತ ಹೆಚ್ಚು. ಹೊಗೆಯೋ, ಕಂಡೂ ಕಾಣದಷ್ಟು.

ಹೊಗೆ ಅಂದರೆ ಉಳಿದ ಕಸ

ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಅನಿಲವಾಗುತ್ತದೆ. ಗುಂಡನ್ನು ತಳ್ಳುವುದು ಅದೇ. ಉಳಿದ ಅರ್ಧಕ್ಕೂ ಹೆಚ್ಚು ಭಾಗ ಪೊಟ್ಯಾಸಿಯಂನ ಲವಣಗಳಾಗಿ ಘನರೂಪದಲ್ಲೇ ಉಳಿಯುತ್ತದೆ. ಅದರ ನುಣ್ಣನೆಯ ಕಣಗಳು ಗಾಳಿಗೆ ಹಾರಿದರೆ ವಿಡಿಯೊದ ಬಿಳಿ ಮೋಡ, ನಳಿಗೆಗೆ ಅಂಟಿಕೊಂಡರೆ ಮಸಿ. ಕೊಳೆತ ಮೊಟ್ಟೆಯ ವಾಸನೆ ಬರುವುದು ಗಂಧಕದಿಂದ. ಹೊಗೆ ನೋಡಿ ಬಂದೂಕಿನ ಬಲ ಅಳೆಯುವುದು, ಕಪ್ಪು ಹೊಗೆ ಉಗುಳುವ ಟ್ರ್ಯಾಕ್ಟರ್ ನೋಡಿ ಎಂಜಿನ್ ಜೋರಾಗಿದೆ ಅಂದಂತೆ.

ಈ ಮಸಿ ಒಣಗಿದರೆ ಗಟ್ಟಿಯಾಗಿ ಕೂರುತ್ತದೆ. ನಾಲ್ಕಾರು ಗುಂಡು ಹೊಡೆಯುವಷ್ಟರಲ್ಲಿ ನಳಿಗೆಯ ಒಳಸುತ್ತು ಕಿರಿದಾಗುತ್ತದೆ, ಗುರಿ ತಪ್ಪತೊಡಗುತ್ತದೆ. ಅದನ್ನು ಮೆದುವಾಗಿಡಲು ಇಂದಿನ ಸ್ಪರ್ಧಿಗಳು ಗುಂಡಿನ ಸುತ್ತ ಜೇನುಮೇಣ ಬೆರೆತ ಜಿಡ್ಡು ಸವರುತ್ತಾರೆ. ಎರಡು ಗುಂಡಿನ ನಡುವೆ ಕೊಳವೆ ಇಟ್ಟು ನಳಿಗೆಯೊಳಗೆ ಬಾಯಿಂದ ಉಸಿರು ಊದುತ್ತಾರೆ, ಉಸಿರಿನ ತೇವ ತಾಗಲಿ ಎಂದು. ಈ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತದೆ ಬೇರೆ. ಆದ್ದರಿಂದ ಸಂಜೆ ಬಂದೂಕನ್ನು ಬಿಸಿ ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚುತ್ತಾರೆ. ಬಂದೂಕಿಗೆ ನೀರು ಎಂದು ಗಾಬರಿಯಾಗಬೇಡಿ. ಮಸಿಯಲ್ಲಿರುವುದು ಲವಣ, ಲವಣ ಕರಗುವುದು ನೀರಿನಲ್ಲೇ.

ಜಿಡ್ಡಿನ ಮಾತು ಬಂದರೆ 1857 ಬರಲೇಬೇಕು.

ಸಿಪಾಯಿಗಳ ಕಾಡತೂಸಿಗೆ ಕೊಬ್ಬು ಸವರಿದ್ದರು ಎಂದು ಶಾಲೆಯಲ್ಲಿ ಓದಿದ್ದೇವೆ. ಯಾಕೆ ಸವರಿದ್ದರು ಎಂದು ಯಾರೂ ಹೇಳಿಕೊಡಲಿಲ್ಲ. ಕಾರಣ ಈ ಮಸಿಯೇ. ಆಗ ಹೊಸದಾಗಿ ಬಂದಿದ್ದ ಎನ್‌ಫೀಲ್ಡ್ ರೈಫಲ್‌ಗೆ ಬಾಯಿಯ ಕಡೆಯಿಂದಲೇ ಮದ್ದು, ಗುಂಡು ತುಂಬಬೇಕಿತ್ತು. ಮಸಿ ಕಟ್ಟಿದ ನಳಿಗೆಯಲ್ಲಿ ಬಿಗಿಯಾದ ಗುಂಡು ಕೆಳಗಿಳಿಯಬೇಕಾದರೆ ಜಿಡ್ಡು ಬೇಕು. ಆ ಕಾಡತೂಸು ಹಿತ್ತಾಳೆಯದಲ್ಲ, ಕಾಗದದ ಸುರುಳಿ. ತುದಿಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಗೆ ಸುರಿದು, ಜಿಡ್ಡು ಸವರಿದ ಕಾಗದದ ಸಮೇತ ಗುಂಡನ್ನು ಗಜದಿಂದ ಒತ್ತುತ್ತಿದ್ದರು. ಆ ಕೊಬ್ಬು ಯಾವ ಪ್ರಾಣಿಯದು ಎಂಬ ಪ್ರಶ್ನೆಗೆ ಕಂಪನಿಯ ಬಳಿ ನೆಟ್ಟಗಿನ ಉತ್ತರ ಇರಲಿಲ್ಲ. ನಿಮಗೆ ಬೇಕಾದ ಜಿಡ್ಡು ನೀವೇ ಸವರಿಕೊಳ್ಳಿ ಎಂದು 1857ರ ಜನವರಿಯಲ್ಲಿ ಹೇಳಿದರೂ ಆಗಲೇ ನಂಬಿಕೆ ಮುರಿದಿತ್ತು. ಪ್ರತಿ ವರ್ಷ ಆಗಸ್ಟ್ ಬಂದರೆ ಈ ಕಥೆಯ ಜೊತೆ ಹೊಳೆಯುವ ಹಿತ್ತಾಳೆ ಕಾಡತೂಸಿನ ಚಿತ್ರ ಹರಿದಾಡುತ್ತದೆ. ಲೋಹದ ಕಾಡತೂಸು ಬ್ರಿಟಿಷ್ ಸೈನ್ಯಕ್ಕೆ ಬಂದದ್ದು ಸುಮಾರು ಹತ್ತು ವರ್ಷದ ನಂತರ, ಸ್ನೈಡರ್ ರೈಫಲ್ ಜೊತೆಗೆ. ಮುಂದೆ ಮಾರ್ಟಿನಿ-ಹೆನ್ರಿಯ ಕಾಡತೂಸಿನಲ್ಲಿ ಗುಂಡಿನ ಹಿಂದೆ ಜೇನುಮೇಣದ ಬಿಲ್ಲೆಯನ್ನೇ ಇಟ್ಟರು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಬಂಡಾಯಗಳನ್ನೂ ಕೊಬ್ಬಿನ ಕಾಡತೂಸಿನ ಕಥೆಗೆ ಸೇರಿಸುವ ಫಾರ್ವರ್ಡ್‌ಗಳಿವೆ. ಮುಧೋಳದ ಹತ್ತಿರದ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ತಿರುಗಿಬಿದ್ದದ್ದು ಆಯುಧಗಳನ್ನು ಒಪ್ಪಿಸಿ ಎಂಬ ಕಾನೂನಿನ ವಿರುದ್ಧ. ನರಗುಂದದ ಬಾಬಾಸಾಹೇಬರ ಬಂಡಾಯ 1858ರದ್ದು, ದತ್ತು ಒಪ್ಪದ ಸಿಟ್ಟು ಅದರ ಹಿಂದಿನ ದೊಡ್ಡ ಕಾರಣ. ಎರಡಕ್ಕೂ ಸಿಪಾಯಿಗಳ ಕಾಡತೂಸಿಗೂ ನೇರ ಸಂಬಂಧವಿಲ್ಲ.

ಮದ್ದು ಎಲ್ಲಾ ಒಂದೇ ಅಲ್ಲ

1884ರಲ್ಲಿ ಫ್ರಾನ್ಸಿನ ಪಾಲ್ ವೀಯೆ ಹೊಗೆಯಿಲ್ಲದ ಮದ್ದು ಕಂಡುಹಿಡಿದರು. ಹತ್ತಿಯಂಥ ನಾರನ್ನು ಆಮ್ಲಗಳಲ್ಲಿ ಪರಿವರ್ತಿಸಿ ಮಾಡಿದ ಬೇರೆಯದೇ ರಾಸಾಯನಿಕ ಅದು. ಉರಿದರೆ ಬಹುಪಾಲು ಅನಿಲವೇ ಆಗುತ್ತದೆ, ಮಸಿ ಕಡಿಮೆ. ಹತ್ತೇ ವರ್ಷದಲ್ಲಿ ಪ್ರಪಂಚದ ದೊಡ್ಡ ಸೈನ್ಯಗಳು ಕರಿಮದ್ದನ್ನು ಬಿಟ್ಟವು. ತ್ರೀ ನಾಟ್ ತ್ರೀಯ ಮೊದಲ ಕಾಡತೂಸು ಕೂಡ ಕರಿಮದ್ದಿನದೇ, ಆಮೇಲೆ ಕಾರ್ಡೈಟ್ ಬಂತು. ಆ ಕಾರ್ಡೈಟ್ ಮಾಡಲು 20ನೇ ಶತಮಾನದ ಆರಂಭದಲ್ಲಿ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಖಾನೆ ತೆರೆದರು. ಊಟಿ ರೈಲಿನಲ್ಲಿ ಹೋದವರು ಆ ನಿಲ್ದಾಣ ದಾಟಿರುತ್ತೀರಿ.

ಕಾಕಾನ ಪ್ರಶ್ನೆಗೆ ಉತ್ತರ ಇರುವುದು ಒತ್ತಡದ ಅಂಕಿಯಲ್ಲಿ. ಬೈಕಿನ ಟಯರಿಗೆ ಗಾಳಿ ಹಾಕಿಸುವಾಗ ಹೇಳುತ್ತೀರಲ್ಲ, ಮೂವತ್ತು ಹಾಕು ಎಂದು, ಅದು 30 ಪಿಎಸ್‌ಐ. ಕುಕ್ಕರ್ ಸೀಟಿ ಹೊಡೆಯುವುದು ಸುಮಾರು 15ಕ್ಕೆ. .45-70 ಕಾಡತೂಸಿಗೆ ಅಮೆರಿಕದ ತಯಾರಕರ ಸಂಸ್ಥೆ ಇಟ್ಟಿರುವ ಮಿತಿ 28,000 ಪಿಎಸ್‌ಐ. ಈಗಿನ .308 ಕಾಡತೂಸಿನದು 62,000. ಕರಿಮದ್ದಿನ ಕಾಲದ ನಳಿಗೆ ಮೊದಲನೆಯದನ್ನು ತಡೆಯಲು ಮಾಡಿದ್ದು. ಹೊಸ ಮದ್ದನ್ನು ಹಳೇ ಮದ್ದಿನ ಅಳತೆಯಲ್ಲೇ ತುಂಬಿದರೆ ನಳಿಗೆ ಸೀಳುತ್ತದೆ. ಸೀಳುವುದು ಎಲ್ಲಿ? ಎಡಗೈ ಹಿಡಿದ ಜಾಗದಲ್ಲಿ, ಇಲ್ಲವೇ ಕೆನ್ನೆ ಆನಿಸಿದ ಜಾಗದಲ್ಲಿ.

ಪಟಾಕಿ ಮದ್ದಂತೂ ಇನ್ನೂ ಕೆಟ್ಟದ್ದು. ಸದ್ದಿನ ಪಟಾಕಿಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂನ ನುಣ್ಣನೆಯ ಪುಡಿ ಇರುತ್ತದೆ. ಅದಕ್ಕೆ ಕಾಳಿನ ಲೆಕ್ಕವೇ ಇಲ್ಲ, ಹಿಟ್ಟು. ಮೆಲ್ಲಗೆ ತಳ್ಳುವುದು ಅದರ ಕೆಲಸವಲ್ಲ, ಒಮ್ಮೆಲೇ ಸಿಡಿಯುವುದೇ ಕೆಲಸ. ಬಂದೂಕಿನ ಕರಿಮದ್ದು ದಪ್ಪ ಕಾಳಿನಿಂದ ಏನನ್ನು ತಪ್ಪಿಸುತ್ತದೋ ಪಟಾಕಿ ಮದ್ದು ಅದನ್ನೇ ಮಾಡುತ್ತದೆ. ಪಟಾಕಿ ಬಿಚ್ಚುವಾಗಿನ ಉಜ್ಜುವಿಕೆಗೂ ಕಿಡಿಗೂ ಅದು ಹೊತ್ತಿಕೊಳ್ಳಬಹುದು, ಬಂದೂಕಿನವರೆಗೂ ಹೋಗಬೇಕಾಗಿಲ್ಲ.

ಸರಿಯಾದ ಕರಿಮದ್ದೇ ಇದ್ದರೂ ಹಳೇ ಬಂದೂಕು ಸುರಕ್ಷಿತ ಅನ್ನುವಂತಿಲ್ಲ. ಐವತ್ತು ವರ್ಷ ಅಟ್ಟದ ಮೇಲಿದ್ದ ನಳಿಗೆಯೊಳಗೆ ತುಕ್ಕು ಎಷ್ಟು ತಿಂದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಬಾಯಿಂದ ತುಂಬುವ ಬಂದೂಕಾದರೆ ಒಳಗೆ ಹಳೇ ಮದ್ದು, ಗುಂಡು ಇನ್ನೂ ಉಳಿದಿರುವ ಸಾಧ್ಯತೆಯೂ ಇದೆ. ಒಣಗಿದ್ದರೆ ಎಷ್ಟೋ ದಶಕದ ಕರಿಮದ್ದು ಕೂಡ ಹೊತ್ತಿಕೊಳ್ಳುತ್ತದೆ. ಹಾಗಾಗಿ ಅಂಥದ್ದು ಸಿಕ್ಕರೆ ಬಾಯಿಗೆ ಕಣ್ಣಿಟ್ಟು ನೋಡುವುದು, ಕಡ್ಡಿ ತೂರಿಸುವುದು, ಬಿಸಿಲಿಗಿಡುವುದು ಯಾವುದೂ ಬೇಡ.

ಕಾನೂನು ಏನು ಹೇಳುತ್ತದೆ?

ಬಾಯಿಂದ ಮದ್ದು ತುಂಬುವ ಬಂದೂಕಿಗೂ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಬಳಸಲು ಬರುವ ಬಂದೂಕು ಎಷ್ಟೇ ಹಳೆಯದಾಗಿರಲಿ, ಅಜ್ಜನದು ಎಂಬ ಕಾರಣಕ್ಕೆ ಮೊಮ್ಮಗನದಾಗುವುದಿಲ್ಲ. ಪರವಾನಗಿ ಇದ್ದವರು ತೀರಿಕೊಂಡ ಮೇಲೆ ಮನೆಯವರು ಅದನ್ನು ಪೊಲೀಸ್ ಠಾಣೆಗೋ ಪರವಾನಗಿ ಇರುವ ಬಂದೂಕು ವ್ಯಾಪಾರಿಗೋ ಒಪ್ಪಿಸಿ, ಬೇಕಿದ್ದರೆ ತಮ್ಮ ಹೆಸರಿಗೆ ಬೇರೆ ಅರ್ಜಿ ಹಾಕಬೇಕು. ಕರಿಮದ್ದು ಮಾಡುವುದು, ಮಾರುವುದು, ಕೂಡಿಡುವುದಕ್ಕೂ ಪ್ರತ್ಯೇಕ ಕಾನೂನು ಇದೆ.

ಕೊಡಗಿನವರಿಗೆ ಪರವಾನಗಿ ಬೇಡವಂತಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಜ, ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಅವರ ಬದುಕಿನ ಭಾಗ. ಮಲೆನಾಡಿನ ಕಡೆ ಕೇಪಿನ ಕೋವಿ, ತೋಟಾ ಕೋವಿ ಎಂದು ಮಾತಿನಲ್ಲೇ ಬೇರೆ ಮಾಡುತ್ತಾರೆ. ಕೇಪಿನದು ಬಾಯಿಂದ ಮದ್ದು ತುಂಬುವಂಥದ್ದು, ತೋಟಾ ಅಂದರೆ ಕಾಡತೂಸು. ಯಾವುದಕ್ಕೆ ಯಾವ ಮದ್ದು ಎಂದು ಅಲ್ಲಿ ಬಂದೂಕು ಬಳಸುವವರಿಗೆ ಗೊತ್ತಿರುತ್ತದೆ. ಆ ವಿನಾಯಿತಿ ಗದಗ ಜಿಲ್ಲೆಗೆ ಅನ್ವಯಿಸುವುದಿಲ್ಲ.

ಹಂದಿ ಕಾಟಕ್ಕೆ ಬೇರೆ ದಾರಿ ಇದೆ. ಕಾಡುಹಂದಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬಹುದು. ಹಾಳಾದ ಬೆಳೆಯ ಫೋಟೊ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೈಯಲ್ಲಿರಲಿ, ಹಾನಿಯಾದ ಕೂಡಲೇ ತಿಳಿಸಿ. ಸಿಗುವ ದುಡ್ಡು ಹಾಳಾದ ಬೆಳೆಗೆ ಸಮ ಅಂತ ನಾನು ಹೇಳಲಾರೆ.

ಕಾಕಾ ಆ ಬಂದೂಕನ್ನು ಅಟ್ಟದಿಂದ ತಾವಾಗಿ ಇಳಿಸಲಿಲ್ಲ. ಠಾಣೆಗೆ ಹೋಗಿ ವಿಷಯ ತಿಳಿಸಿದರು, ಅಲ್ಲಿಂದ ಬಂದವರೇ ಇಳಿಸಿ ಒಯ್ದರು. ನಳಿಗೆಯೊಳಗೆ ಏನಾದರೂ ಇತ್ತೇ ಎಂದು ಕೇಳಿದೆ. "ಇತ್ತಂತ," ಅಂದರು ಕಾಕಾ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಣ್ಣವರಿದ್ದಾಗ ಅದನ್ನ ಹಿಡಕೊಂಡ ನಾವೆಲ್ಲ ಕಳ್ಳ-ಪೊಲೀಸ ಆಡೇವಿ ಎಂದರು.